ಬಾಳೆ ಎಲೆಯ ತಮಾಲೆ

ಓಹಾಕಾ, ಮೆಕ್ಸಿಕೊ
ಜನವರಿ 18

ಅಕ್ಕನಿಗೆ ನಮಸ್ಕಾರ.

ತಮಾಲೆ, ಅಂದರೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಮೆಕ್ಕೆಜೋಳದ ಕಡುಬು, ಹೇಗೆ ಮಾಡುವುದೆಂದು ಕೇಳಿದ್ದೆಯಲ್ಲ. ಇಲ್ಲಿ ಫೆಬ್ರುವರಿ 2ರ ಕ್ಯಾಂಡೆಲಾರಿಯಾ ಹಬ್ಬಕ್ಕೆ ಅದು ಬೇಕೇ ಬೇಕು. ಜನವರಿ 6ರಂದು ಕತ್ತರಿಸುವ ರೋಸ್ಕಾ ಬ್ರೆಡ್ಡಿನೊಳಗೆ ಬಾಲಯೇಸುವಿನ ಪುಟ್ಟ ಗೊಂಬೆ ಇರುತ್ತದೆ. ಅದು ಯಾರ ಪಾಲಿಗೆ ಬಂತೋ ಅವರೇ ಎಲ್ಲರಿಗೂ ತಮಾಲೆ ಹಾಕಿಸಬೇಕು.

ಅಂಗಡಿಯ ಮೆಕ್ಕೆಜೋಳದ ಹಿಟ್ಟು ಬೇಡ, ಅದು ಕಟ್ಟಿಕೊಳ್ಳುವುದಿಲ್ಲ. ಒಣಗಿದ ಮೆಕ್ಕೆಜೋಳದ ಕಾಳೇ ಆಗಬೇಕು. 1 ಕೆಜಿ ಕಾಳಿಗೆ 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣದ ಪುಡಿ; ಎಲೆಅಡಿಕೆಯ ಒದ್ದೆ ಸುಣ್ಣವಾದರೆ ಸುಮಾರು ಎರಡರಷ್ಟು. ಸ್ಟೀಲ್ ಪಾತ್ರೆಯಲ್ಲೇ ಮಾಡು, ಅಲ್ಯೂಮಿನಿಯಂ ಸುಣ್ಣಕ್ಕೆ ತಡೆಯದು. ಅರ್ಧ ಗಂಟೆ ಸಣ್ಣಗೆ ಕುದಿಸಿ ರಾತ್ರಿಯಿಡೀ ಅದೇ ನೀರಲ್ಲಿ ಬಿಡು. ಬೆಳಿಗ್ಗೆ ಉಜ್ಜಿದರೆ ಸಿಪ್ಪೆ ಕಳಚಿ ಬರುತ್ತದೆ. ಚೆನ್ನಾಗಿ ತೊಳೆ, ಸುಣ್ಣ ಉಳಿದರೆ ಹಿಟ್ಟು ಕಹಿ. ಕಡಿಮೆ ನೀರಲ್ಲಿ ಸ್ವಲ್ಪ ತರಿಯಾಗಿಯೇ ರುಬ್ಬು.

ಸೋಲುಗೆಲುವು ಕೊಬ್ಬಿನಲ್ಲಿದೆ. ಸ್ಪೇನಿನವರು ಹಂದಿ ತರುವ ಮೊದಲು ತಮಾಲೆಗೆ ಹಂದಿಕೊಬ್ಬೇ ಇರಲಿಲ್ಲ, ಇಂದು ಅದಿಲ್ಲದೆ ಇವರಿಗೆ ನಡೆಯದು. ನಮ್ಮ ಮನೆಗೆ ಬೆಣ್ಣೆ ಸಾಕು. 1 ಕೆಜಿ ರುಬ್ಬಿದ ಹಿಟ್ಟಿಗೆ 350 ಗ್ರಾಂ. ಕರಗಿಸಬೇಡ, ಮೆತ್ತಗಿರುವಾಗಲೇ ಬೆಳ್ಳಗಾಗಿ ಉಬ್ಬುವವರೆಗೆ ಹತ್ತು ನಿಮಿಷ ಕಡೆ. ಆಮೇಲೆ ಹಿಟ್ಟು, 2 ಚಮಚ ಬೇಕಿಂಗ್ ಪೌಡರ್, ಉಪ್ಪು ಸೇರಿಸಿ, ತರಕಾರಿ ಬೇಯಿಸಿದ ನೀರನ್ನು 300 ಮಿಲಿಯಷ್ಟು ಸ್ವಲ್ಪಸ್ವಲ್ಪವೇ ಹಾಕುತ್ತಾ ಮತ್ತೆ ಕಡೆ. ಗೋಲಿಯಷ್ಟು ಹಿಟ್ಟು ತಣ್ಣೀರಲ್ಲಿ ತೇಲಬೇಕು. ಮುಳುಗಿದರೆ ಇನ್ನೂ ಕಡೆಯಬೇಕು, ಇಲ್ಲವಾದರೆ ಬೆಂದ ಮೇಲೆ ಕಲ್ಲು.

ಓಹಾಕಾದಲ್ಲಿ ಹೆಚ್ಚಾಗಿ ಬಾಳೆ ಎಲೆಯಲ್ಲಿ ಕಟ್ಟುತ್ತಾರೆ (ಬಾಳೆಯೂ ಹೊರಗಿನಿಂದ ಬಂದದ್ದೇ). ಒಳಗೆ ಕೋಳಿ, ಕಪ್ಪು ಮೋಲೆ ಗೊಜ್ಜು: ಮೆಣಸಿನಕಾಯಿ, ಚಾಕೊಲೇಟ್ ಇಲ್ಲಿನವು, ಚಕ್ಕೆ, ಲವಂಗ, ಎಳ್ಳು ಸ್ಪೇನಿನವರ ಹಡಗಿನಲ್ಲಿ ಬಂದವು. ನೀನು ಸುಟ್ಟು ಸಿಪ್ಪೆ ತೆಗೆದ ಬಜ್ಜಿ ಮೆಣಸಿನಕಾಯಿ, ಪನೀರ್ ಇಡು. ಎಲೆ ಬಾಡಿಸಿಕೋ, ಇಲ್ಲವಾದರೆ ಸೀಳುತ್ತದೆ.

ಒಂದು ಗಂಟೆ ಹಬೆ. ಪಾತ್ರೆಯ ತಳಕ್ಕೆ ಒಂದು ನಾಣ್ಯ ಹಾಕಿರು. ಅದರ ಸದ್ದು ನಿಂತರೆ ನೀರು ಬತ್ತಿದೆ ಎಂದರ್ಥ. ಕುದಿಯುವ ನೀರನ್ನೇ ಸುರಿ, ತಣ್ಣೀರು ಹಾಕಿದರೆ ಹಬೆ ಮುರಿದು ಹಿಟ್ಟು ಗಟ್ಟಿಯಾಗುತ್ತದೆ. ಎಲೆಗೆ ಅಂಟದೆ ಬಿಟ್ಟರೆ ಬೆಂದಿದೆ. ಕಾಲು ಗಂಟೆ ಆರಲು ಬಿಟ್ಟು ಬಿಚ್ಚು.

ಉಳಿದದ್ದನ್ನು ಮರುದಿನ ಎಲೆ ತೆಗೆದು ಹಂಚಿನ ಮೇಲೆ ಕಾಯಿಸು. ನನಗಂತೂ ಅದೇ ಹೆಚ್ಚು ರುಚಿ.

ಅಮ್ಮನಿಗೂ ಭಾವನಿಗೂ ನಮಸ್ಕಾರ ತಿಳಿಸು.

ನಿನ್ನ ತಂಗಿ