ಉಪ್ಪಾಗೆ ಸಿಪ್ಪೆಯ ಕೊಯ್ಲು, ದರ ಮತ್ತು ಪೂರೈಕೆಯಲ್ಲಿ ಆಗುವ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ಮಳೆಗಾಲದ ಹಂಗಾಮಿನಿಂದ ನಮ್ಮ ಸಹಕಾರ ಸಂಘ ಮಾರುವ ಉಪ್ಪಾಗೆ ಹಣ್ಣಿನ ಒಣ ಹುಳಿ ಸಿಪ್ಪೆ ಮತ್ತು ಅದರ ಬೀಜದ ಕೊಬ್ಬಾದ ಉಪ್ಪಾಗೆ ತುಪ್ಪದ ಪ್ರಮಾಣ, ದರ ಹಾಗೂ ಪೂರೈಕೆಯ ಸಮಯ ಬದಲಾಗಲಿವೆ. ಸಿಪ್ಪೆ ಈವರೆಗೆ ಸಿಗುತ್ತಿದ್ದುದರ ಸುಮಾರು ಅರ್ಧದಷ್ಟು ಮಾತ್ರ ಸಿಗಲಿದೆ. ಕಿಲೋ ದರ ಮೂರನೇ ಒಂದರಷ್ಟು ಏರಲಿದೆ. ಆಗಸ್ಟ್ ಮೊದಲ ವಾರಗಳಲ್ಲಿ ನಿಮ್ಮ ಕೈಸೇರುತ್ತಿದ್ದ ಸರಕು ಸೆಪ್ಟೆಂಬರ್ ಕೊನೆಗೆ ತಲುಪಲಿದೆ. ಸರ್ವಸದಸ್ಯರ ಸಭೆಯಲ್ಲಿ ದೀರ್ಘ ಚರ್ಚೆಯ ನಂತರ ಕೈಗೊಂಡ ತೀರ್ಮಾನವಿದು. ಹೆಚ್ಚು ಹಣ ಕೊಟ್ಟು ಕಡಿಮೆ ಸರಕು ಪಡೆಯಿರಿ ಎಂದು ಕೇಳುವಾಗ ಅದರ ಕಾರಣಗಳನ್ನು ಪೂರ್ತಿಯಾಗಿ ತಿಳಿಸಬೇಕಾದುದು ನಮ್ಮ ಕರ್ತವ್ಯ.

ಉಪ್ಪಾಗೆ ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರ ಸೀಮೆಯ ನಿತ್ಯಹರಿದ್ವರ್ಣ ಕಾಡಿನ ಮರ. ಕೊಡಗಿನವರ ಕಾಚಂಪುಳಿ, ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಇದೇ ಹಣ್ಣಿನಿಂದ ಬರುತ್ತವೆ. ಇದರ ಹತ್ತಿರದ ಬಂಧುವಾದ ಮುರುಗಲು ಬೇಸಿಗೆಯಲ್ಲಿ ಹಣ್ಣಾಗುವುದರಿಂದ ಅದರ ಸಿಪ್ಪೆ ಅಂಗಳದ ಬಿಸಿಲಿನಲ್ಲೇ ಒಣಗುತ್ತದೆ. ಉಪ್ಪಾಗೆಗೆ ಆ ಅನುಕೂಲವಿಲ್ಲ. ಅದು ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಘಟ್ಟದಲ್ಲಿ ಮಳೆ ಬಿಡುವು ಕೊಡದ ದಿನಗಳಲ್ಲಿ. ಹಾಗಾಗಿ ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿ, ಕೆಳಗೆ ಹಗಲೂ ರಾತ್ರಿಯೂ ಬೆಂಕಿ ಹಾಕಿ ಒಣಗಿಸಬೇಕಾಗುತ್ತದೆ. ಕೈಗೆ ಬರುವ ಒಣ ಸಿಪ್ಪೆಯ ತೂಕದ ಹಲವು ಪಟ್ಟು ಕಟ್ಟಿಗೆ ಇದಕ್ಕೆ ಉರಿಯುತ್ತದೆ. ಮನೆಬಳಕೆಗಷ್ಟೇ ಒಣಗಿಸುತ್ತಿದ್ದ ಕಾಲದಲ್ಲಿ ಬಿದ್ದ ಒಣ ಕೊಂಬೆಗಳೇ ಸಾಕಾಗುತ್ತಿದ್ದವು. ಮಾರಾಟಕ್ಕೆಂದು ಕ್ವಿಂಟಲ್‌ಗಟ್ಟಲೆ ಒಣಗಿಸತೊಡಗಿದ ಮೇಲೆ ಹಸಿ ಮರಕ್ಕೂ ಕೊಡಲಿ ಬಿತ್ತು.

ಈ ಬೇಡಿಕೆ ಅಡುಗೆಮನೆಯಿಂದ ಬಂದದ್ದಲ್ಲ. 1990ರ ದಶಕದಲ್ಲಿ, ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರದೊಂದಿಗೆ ವಿದೇಶಗಳಲ್ಲಿ ಮಾತ್ರೆಗಳ ಮಾರುಕಟ್ಟೆ ಬೆಳೆಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 135 ಮಂದಿಯ ಮೇಲೆ 12 ವಾರ ನಡೆಸಿದ ಅಧ್ಯಯನದಲ್ಲಿ ಈ ಮಾತ್ರೆ ನುಂಗಿದವರಿಗೂ ಔಷಧವಿಲ್ಲದ ಮಾತ್ರೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದರೂ ವ್ಯಾಪಾರ ನಿಲ್ಲಲಿಲ್ಲ. ಎಲ್ಲರಿಗೂ ತೆರೆದಿರುವ ಕಾಡಿನಲ್ಲಿ, ಇಂದು ತಾನು ಕೊಯ್ಯದ ಹಣ್ಣನ್ನು ನಾಳೆ ಬೇರೊಬ್ಬರು ಕೊಯ್ಯುತ್ತಾರೆಂಬ ಆತಂಕಕ್ಕೆ ಜನರು ಕಾಯಿ ಬಲಿಯುವ ಮೊದಲೇ ಮರ ಹತ್ತುವಂತಾಯಿತು. ತುದಿಯ ಹಣ್ಣು ಎಟುಕದಿದ್ದರೆ ಕೊಂಬೆಯನ್ನೇ ಕಡಿದು ಕೆಳಗಿಳಿಸುವುದು ಕೆಲವೆಡೆ ರೂಢಿಯಾಯಿತು. ಉಪ್ಪಾಗೆಯಲ್ಲಿ ಗಂಡು ಮತ್ತು ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆಯಾಗಿರುವುದರಿಂದ ಈ ಕಡಿತವೆಲ್ಲ ಹಣ್ಣು ಬಿಡುವ ಹೆಣ್ಣು ಮರಗಳ ಮೇಲೆಯೇ ಬೀಳುತ್ತದೆ ಎಂಬುದನ್ನು ಗಮನಿಸಬೇಕು.

ಈ ಹಣ್ಣಿಗೆ ಇನ್ನೊಬ್ಬ ಹಕ್ಕುದಾರನೂ ಇದ್ದಾನೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲದ ಸಿಂಗಳೀಕ ಎಂಬ ಕೋತಿಗಳಿಗೆ ಉಪ್ಪಾಗೆ ಮಳೆಗಾಲದ ಆಹಾರಗಳಲ್ಲೊಂದು. ಇವುಗಳ ರಕ್ಷಣೆಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿ.ಮೀ. ಕಾಡನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಭಾಗವಾಯಿತು. ನಮ್ಮ ಸದಸ್ಯರು ಕೊಯ್ಯುವುದು ಅದರ ಹೊರಗಿನ ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಮತ್ತು ಗ್ರಾಮ ಅರಣ್ಯ ಸಮಿತಿಗಳ ವ್ಯಾಪ್ತಿಯ ಕಾಡಿನಲ್ಲಿ ಮಾತ್ರ. ಆದರೆ ಗಡಿಯ ಆಚೀಚೆ ಅಲೆಯುವ ಸಿಂಗಳೀಕದ ಗುಂಪುಗಳಿಗೆ ಹೊರಗಿನ ಮರಗಳೂ ಬೇಕು.

ಹಾಗೆಂದು ಕೊಯ್ಲನ್ನೇ ನಿಲ್ಲಿಸಿಬಿಡುವುದು ನ್ಯಾಯವೆಂದು ನಮಗೆ ಅನಿಸುವುದಿಲ್ಲ. ಜೂನ್‌ನಲ್ಲಿ ಶಾಲೆಗಳು ಆರಂಭವಾಗುತ್ತವೆ, ಕೂಲಿ ಕೆಲಸ ವಿರಳವಾಗಿರುತ್ತದೆ. ಆ ಮೂರು ತಿಂಗಳಲ್ಲಿ ಭೂಮಿಯಿಲ್ಲದ ಅನೇಕ ಕುಟುಂಬಗಳು ಪುಸ್ತಕಕ್ಕೂ ಔಷಧಕ್ಕೂ ನೆಚ್ಚುವುದು ಉಪ್ಪಾಗೆಯ ಹಣವನ್ನೇ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದಾಗಲೂ ಕಾಡನ್ನು ಮುಟ್ಟಲೇಬಾರದೆಂದು ಹೇಳಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬುದು ಅವರ ಅಪ್ಪಿಕೋ ಚಳವಳಿಯ ಘೋಷಣೆಯಾಗಿತ್ತು. ಕೊಯ್ಲು ಅರ್ಧವಾದಾಗ ಕೊಯ್ಯುವವರ ಆದಾಯವೂ ಅರ್ಧವಾಗಬಾರದು ಎಂಬ ಕಾರಣಕ್ಕೆ, ಏರಿಸಿದ ದರದ ಸಂಪೂರ್ಣ ಮೊತ್ತ ಅವರಿಗೇ ಹೋಗುತ್ತದೆ. ಇದರ ಜೊತೆಗೆ ಸಂಘವು ತನ್ನ ಲಾಭಾಂಶದಿಂದಲೂ ಒಂದು ಭಾಗವನ್ನು ಅವರಿಗೆ ಕೊಡಲಿದೆ.

ಇನ್ನು ಮುಂದೆ ನಾವು ಪಾಲಿಸುವ ಕ್ರಮ ಹೀಗಿದೆ. ಪ್ರತಿ ಊರಿನಲ್ಲೂ ಗ್ರಾಮ ಅರಣ್ಯ ಸಮಿತಿಯೊಡನೆ ಕುಳಿತು ಕೊಯ್ಲು ಆರಂಭಿಸುವ ದಿನವನ್ನು ಎಲ್ಲರೂ ಸೇರಿ ಗೊತ್ತುಮಾಡುತ್ತಾರೆ. ಅದಕ್ಕೆ ಮೊದಲು ತಂದ ಕಾಯಿಯನ್ನು ಸಂಘ ಖರೀದಿಸುವುದಿಲ್ಲ. ಹಳದಿಗೆ ತಿರುಗಿದ ಹಣ್ಣು ಮತ್ತು ತಾನಾಗಿ ಉದುರಿದ ಹಣ್ಣು ಮಾತ್ರ ಸ್ವೀಕಾರಾರ್ಹ. ಪ್ರತಿ ಮರದಲ್ಲೂ ನಾಲ್ಕನೇ ಒಂದು ಪಾಲನ್ನು ಮುಟ್ಟದೆ ಬಿಡಬೇಕು. ಕಟ್ಟಿಗೆಯ ಬದಲು, ಹೊಗೆಕೊಳವೆಯುಳ್ಳ ಡ್ರೈಯರುಗಳಲ್ಲಿ ಅಡಿಕೆ ಸಿಪ್ಪೆಯನ್ನು ಉರಿಸುತ್ತೇವೆ. ಚಳಿಗಾಲದ ಅಡಿಕೆ ಕೊಯ್ಲಿನಲ್ಲಿ ರಾಶಿಯಾಗಿ ಉಳಿಯುವ ಈ ಸಿಪ್ಪೆಯನ್ನು ಮಳೆ ಬೀಳುವವರೆಗೆ ನೆನೆಯದಂತೆ ಕಾಪಿಡಲು ಸಂಘದ ಗೋದಾಮಿನ ಒಂದು ಭಾಗವನ್ನು ಈಗಾಗಲೇ ತೆರವು ಮಾಡಲಾಗಿದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಮಾತ್ರೆ ತಯಾರಕರ ಬೇಡಿಕೆಯನ್ನು ಈ ವರ್ಷದಿಂದ ಸ್ವೀಕರಿಸುವುದಿಲ್ಲ; ಇರುವಷ್ಟು ಸರಕು ಮೊದಲು ಅಡುಗೆಗೆ ಬಳಸುವವರಿಗೆ ಸಲ್ಲಬೇಕೆಂಬುದು ಸದಸ್ಯರ ಖಚಿತ ಅಭಿಪ್ರಾಯ.

ತುಪ್ಪದ ವಿಷಯದಲ್ಲಿ ಇನ್ನೂ ಬಿಗಿಯಾಗಿದ್ದೇವೆ. ತುಪ್ಪ ಬರುವುದು ಬೀಜದಿಂದ. ಬೀಜವೆಲ್ಲ ಊರಿಗೆ ಬಂದರೆ ಕಾಡಿನಲ್ಲಿ ಹೊಸ ಸಸಿ ಏಳುವುದಿಲ್ಲ. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊಳೆತದ್ದು ಹಣ್ಣು ಬಿಡಲು ಹಲವು ವರ್ಷ ಬೇಕು. ಆದ್ದರಿಂದ ಬೀಜದ ಒಂದು ಪಾಲನ್ನು ಸಸಿಮಡಿಗೆ ಹಾಗೂ ಬೆಟ್ಟದ ಖಾಲಿ ಜಾಗಗಳಿಗೆ ಮೀಸಲಿಟ್ಟು, ಉಳಿದದ್ದರಿಂದ ಮಾತ್ರ ತುಪ್ಪ ತೆಗೆಯುತ್ತೇವೆ. ಈ ವರ್ಷ ಮನೆಗೊಂದು ಬಾಟಲಿಗಿಂತ ಹೆಚ್ಚು ಕೊಡಲಾಗದು.

ಹೊಸ ಸಿಪ್ಪೆ ನೋಡಲು ಕಡುಕಂದು, ಮೊದಲಿನಷ್ಟು ಕಪ್ಪಲ್ಲ. ಡ್ರೈಯರಿನಲ್ಲಿ ಹೊಗೆ ಸಿಪ್ಪೆಗೆ ತಾಗದ ಕಾರಣ ಹೊಗೆಯ ವಾಸನೆಯೂ ಕಡಿಮೆ. ಮೀನಿನ ಸಾರಿಗೆ ಆ ವಾಸನೆಯೇ ಬೇಕೆನ್ನುವ ಗ್ರಾಹಕರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಇದು ಕೊರತೆಯೆನಿಸಬಹುದು ಎಂಬ ಅರಿವು ನಮಗಿದೆ. ಬಲಿತ ಹಣ್ಣಿನ ಸಿಪ್ಪೆ ದಪ್ಪವಾಗಿರುವುದರಿಂದ ಬಳಸುವ ಮೊದಲು ಸ್ವಲ್ಪ ಹೆಚ್ಚು ಹೊತ್ತು ನೆನೆಸಬೇಕು.

ಕಳೆದ ವರ್ಷದ ದಾಸ್ತಾನು ಮುಗಿಯುವವರೆಗೆ ಹಳೆಯ ದರದಲ್ಲೇ ಸಿಗುತ್ತದೆ. ಹೊಸ ಸರಕಿನ ಬೇಡಿಕೆಯನ್ನು ಜೂನ್ 15ರೊಳಗೆ ಸಂಘದ ಕಚೇರಿಗೆ ತಿಳಿಸಬೇಕೆಂದು ಕೋರುತ್ತೇವೆ. ಮುಂಗಡ ಹಣ ಬೇಡ. ಸರಕು ಸಿದ್ಧವಾದ ಮೇಲೆ, ಬೇಡಿಕೆ ಬಂದ ಕ್ರಮದಲ್ಲಿ ಕಳುಹಿಸಿ, ಕಳುಹಿಸಿದಷ್ಟಕ್ಕೆ ಮಾತ್ರ ಬಿಲ್ ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)