ಭಾನುವಾರ ಬೈಕ್, ಸ್ಕೂಟರ್‌ನಲ್ಲಿ ಆಗುಂಬೆಗೆ ಬರುವವರು ಓದಿ

ಘಾಟಿ ಹತ್ತುವಾಗ ಯಾರಿಗೂ ತೊಂದರೆ ಇಲ್ಲ, ವಿಷಯ ಇರುವುದು ವಾಪಸ್ ಬುಡದ ಸೋಮೇಶ್ವರಕ್ಕೆ ಇಳಿಯುವ ಆ 14 ತಿರುವುಗಳಲ್ಲಿ. ಹತ್ತಿದ ಗೇರಿನಲ್ಲೇ ಇಳಿಯಿರಿ, ಅಂದರೆ ಎರಡು, ಕೆಲವು ಕಡೆ ಒಂದು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಇಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದಿಡುತ್ತದೆ. ಕ್ಲಚ್ ಒತ್ತಿಕೊಂಡೇ ಇದ್ದರೆ, ಇಲ್ಲಾ ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್‌ಗೆ ಹಾಕಿದರೆ ಆ ಹಿಡಿತ ಹೋಯಿತು, ಪೂರ್ತಿ ಭಾರ ಬ್ರೇಕ್ ಮೇಲೆ.

ಒಮ್ಮೆ ನಾನೇ ಹಿಂದಿನ ಬ್ರೇಕ್ ತುಳಿದುಕೊಂಡೇ ಅರ್ಧ ಘಾಟಿ ಇಳಿದಿದ್ದೆ. ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು, ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿಲ್ಲ. ಡಿಸ್ಕ್ ಕಾದು ಬ್ರೇಕ್ ಆಯಿಲ್ ಕುದಿದರೆ ಹಾಗೇ ಆಗುವುದು.

ಹಾಗಂತ ಬ್ರೇಕ್ ಮುಟ್ಟಲೇಬಾರದು ಅಂತಲ್ಲ ಮಾರಾಯ್ರೆ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ಆಮೇಲೆ ಗೇರ್ ಇಳಿಸಿ. ದನ ಅಡ್ಡ ಬಂದರೆ ಬ್ರೇಕೇ ಬೇಕು, ಅಲ್ವಾ? ಒದ್ದೆ ರಸ್ತೆಯಲ್ಲಿ ಗೇರ್ ಇಳಿಸಿ ಕ್ಲಚ್ ಫಟ್ ಅಂತ ಬಿಡಬೇಡಿ, ಹಿಂದಿನ ಚಕ್ರ ಜಾರುತ್ತದೆ. ಇನ್ನೊಂದು, ಬರೇ ಇಂಜಿನ್ ಹಿಡಿತದಲ್ಲಿ ನಿಧಾನವಾದರೆ ಬ್ರೇಕ್ ಲೈಟ್ ಹತ್ತುವುದಿಲ್ಲ, ಹಿಂದೆ ಬಸ್ಸಿದ್ದರೆ ಲಿವರ್ ಸ್ವಲ್ಪ ಒತ್ತಿ ಲೈಟ್ ತೋರಿಸಿ.

ಸ್ಕೂಟರ್‌ನವರಿಗೆ ಇಂಜಿನ್ ಹಿಡಿತ ಕಡಿಮೆ. ಮಧ್ಯೆ ಜಾಗ ನೋಡಿ ನಿಲ್ಲಿಸಿ, ಬ್ರೇಕ್ ತಣಿಯಲಿ, ನಾವು ಕಾಯುತ್ತೇವೆ.

ಬ್ರೇಕ್ ಶೂ ಸವೆದಿರುವವರು ಶನಿವಾರದೊಳಗೆ ಬದಲಿಸಿ. ಭಾನುವಾರ ಬೆಳಿಗ್ಗೆ 6ಕ್ಕೆ ಉಡುಪಿಯ ಕಲ್ಸಂಕದಲ್ಲಿ ಸಿಗೋಣ.