ದಂತದ ಅಂಗಡಿಯವನು

ಪುಟ್ಟಿಗೆ ಅಪ್ಪಾಜಿಯ ಆಶೀರ್ವಾದಗಳು.

ಹೋದ ವರ್ಷ ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಗಡ್ಡದವನ ಪ್ರತಿಮೆ ತೋರಿಸಿ ಯಾರು ಅಂತ ಕೇಳಿದ್ದೆ. 'ಹೆನ್ರಿ ಪಾರ್ಕ್ಸ್ ಅಂತೆ, ನಡೀರಿ ಅಪ್ಪಾಜಿ, ಬಿಸಿಲು' ಅಂದಿದ್ದೆ ನೀನು. ಊರಿಗೆ ಬಂದ ಮೇಲೆ ಅವನ ಕಥೆ ಹುಡುಕಿ ಓದಿದೆ. ಅಂಗಡಿಯವನಿಗೆ ಅಂಗಡಿಯವನ ಕಥೆಯೇ ರುಚಿ.

ಇಂಗ್ಲೆಂಡಿನಲ್ಲಿ ದಂತ, ಮೂಳೆ ಕಡೆಯುವ ಕಸುಬು ಕೈಹಿಡಿಯದೆ 1839ರಲ್ಲಿ ಹಡಗು ಹತ್ತಿ ಬಂದವನು. ವಯಸ್ಸು 24. ಹೆಂಡತಿ ತುಂಬು ಬಸುರಿ. ದಡ ಸೇರುವ ಮುಂಚೆಯೇ ನೀರಿನ ಮೇಲೆ ಹೆರಿಗೆಯಾಯಿತು. ಮೊದಲು ಎಸ್ಟೇಟಿನಲ್ಲಿ ಕೂಲಿ, ಆಮೇಲೆ ಕಸ್ಟಮ್ಸ್‌ನಲ್ಲಿ ಚಾಕರಿ, 1845ರಲ್ಲಿ ಸ್ವಂತ ಅಂಗಡಿ. ದಂತದ ಸಾಮಾನು, ಆಟಿಕೆ. ನನಗೆ ನಮ್ಮ ಚನ್ನಪಟ್ಟಣ ನೆನಪಾಯಿತು. ನಾನಾಗಿದ್ದರೆ ಗಲ್ಲಾಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. ಇವನು 1850ರಲ್ಲಿ 'ಎಂಪೈರ್' ಪತ್ರಿಕೆ ತೆಗೆದ, 1854ರಲ್ಲಿ ಶಾಸನಸಭೆಗೆ ಗೆದ್ದ, 1858ರಲ್ಲಿ ದಿವಾಳಿ ಎದ್ದ. 1870ರಲ್ಲಿ ಇನ್ನೊಮ್ಮೆ. ಅಂಥವನು ಐದು ಸಲ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್, ಅಂದರೆ ಸಿಡ್ನಿ ಇರುವ ಆ ಪ್ರಾಂತ್ಯದ ಮುಖ್ಯಮಂತ್ರಿ ಇದ್ದ ಹಾಗೆ! ನಮ್ಮ ಪೇಟೆಯಲ್ಲಾಗಿದ್ದರೆ ಅವನಿಗೆ ಒಂದು ಮೂಟೆ ಅಕ್ಕಿಯನ್ನೂ ಉದ್ರಿ ಕೊಡುತ್ತಿರಲಿಲ್ಲ.

ನೀನು ನರ್ಸ್ ಆಗಿರುವುದಕ್ಕೆ ಇದನ್ನೂ ಬರೆಯುತ್ತೇನೆ: ತರಬೇತಾದ ನರ್ಸ್‌ಗಳನ್ನು ಕಳಿಸಿಕೊಡಿ ಎಂದು ಫ್ಲಾರೆನ್ಸ್ ನೈಟಿಂಗೇಲ್‌ಗೆ ಕೇಳಿಕೊಂಡವನು ಇವನೇ. 1868ರಲ್ಲಿ ಲೂಸಿ ಆಸ್ಬರ್ನ್ ಮತ್ತು ಐವರು ಸಿಡ್ನಿಗೆ ಬಂದಿಳಿದರು.

ಇಷ್ಟರವರೆಗೆ ಅವನ ಮೇಲೆ ಪ್ರೀತಿ ಬಂದಿತ್ತು. 1888ಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟೆ. 'ಅಫ್ಘಾನ್' ಎಂಬ ಹಡಗಿನಲ್ಲಿ ಚೀನಾದವರು ಬಂದರು. ಇಳಿಯಬೇಡಿ ಎಂದು ತಡೆದಿದ್ದು ಪಾರ್ಕ್ಸ್ ಸರ್ಕಾರ. ಕೋರ್ಟು ಬಿಡಿ ಅಂದರೂ ಅದೇ ವರ್ಷ ಕಾನೂನು ತಂದು, ಬರುವ ಚೀನೀಯರ ತಲೆಗೆ 100 ಪೌಂಡ್ ತೆರಿಗೆ ಹಾಕಿದರು. ಹಡಗಿನಲ್ಲಿ ಮಗು ಹೆತ್ತವಳ ಗಂಡ, ಪುಟ್ಟಿ. ಜೇಬಿನಲ್ಲಿ ಬಿಡಿಕಾಸು ಇಟ್ಟುಕೊಂಡು ಅದೇ ಬಂದರಿಗೆ ಇಳಿದವನು.

ಹೋದ ವಾರ ಫೋನಿನಲ್ಲಿ ನೀನು, 'ಬಾಡಿಗೆ ಏರಿ ಸಾಕಾಗಿದೆ, ಇನ್ನು ಹೊರಗಿನವರು ಬರುವುದನ್ನು ನಿಲ್ಲಿಸಬೇಕು' ಅಂದೆ. ನಾನು ಹೂಂ ಅಂದೆ. ಆಮೇಲೆ ನಿದ್ದೆ ಬರಲಿಲ್ಲ. ಮುಂದಿನ ತಿಂಗಳು ಪೌರತ್ವದ ಪ್ರಮಾಣ, ಆಮೇಲೆ ನಿನಗೂ ಓಟು. ಅಲ್ಲಿ ಹಾಕದಿದ್ದರೆ ದಂಡವಂತೆ.

ಎದುರುಮನೆಯವರ ಹುಡುಗ ಓದಲು ಬರುತ್ತಿದ್ದಾನೆ. ಅಮ್ಮ ಅವನ ಕೈಲಿ ಶೇಂಗಾ ಚಟ್ನಿಪುಡಿ ಕಳಿಸುತ್ತಿದ್ದಾಳೆ. ರೂಮು ಸಿಗುವವರೆಗೆ ನಿನ್ನ ಮನೆಯ ಹಾಲ್‌ನಲ್ಲಿ ಮಲಗಲಿ ಅಂತ ಅವರಿಗೆ ಹೇಳಿಬಿಟ್ಟಿದ್ದೇನೆ.

ನಿನ್ನ
ಅಪ್ಪಾಜಿ